ವೋಟಿಗೆ ಮುನ್ನ ಅಭ್ಯರ್ಥಿಯ ಅಫಿಡವಿಟ್ ಓದುವುದು ಹೇಗೆ?

ಶಾಸಕರಾಗಲು ನಮ್ಮ ಕಾನೂನು ಕೇಳುವುದು ತೀರಾ ಕಡಿಮೆ. ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಲೋಕಸಭೆಗೂ ವಯಸ್ಸು ಅಷ್ಟೇ. ರಾಜ್ಯಸಭೆ, ವಿಧಾನ ಪರಿಷತ್ತಿಗೆ 30. ಓದು, ಅನುಭವದ ಷರತ್ತು ಎಲ್ಲೂ ಇಲ್ಲ. ಕ್ರಿಮಿನಲ್ ಕೇಸು ನಡೆಯುತ್ತಿದ್ದರೂ ಸ್ಪರ್ಧಿಸಬಹುದು. ಸಾಮಾನ್ಯವಾಗಿ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಮಾತ್ರ ಅನರ್ಹತೆ. ಸಚಿವರಾಗಲಿ, ಮುಖ್ಯಮಂತ್ರಿಯಾಗಲಿ, ಅವರಿಗೂ ಬೇರೆ ಅರ್ಹತೆ ಬೇಕಿಲ್ಲ. ಸದನದ ಸದಸ್ಯರಲ್ಲದೆಯೇ 6 ತಿಂಗಳು ಆ ಕುರ್ಚಿಯಲ್ಲಿ ಕೂರಬಹುದು.

ಬಾಗಿಲು ಇಷ್ಟು ಅಗಲವಾಗಿರುವುದು ಒಳ್ಳೆಯದೇ ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಯಾರು ಒಳಗೆ ಬರಬೇಕು ಎಂದು ಅಧಿಕಾರದಲ್ಲಿ ಇರುವವರೇ ತೀರ್ಮಾನಿಸುತ್ತಿದ್ದರು. ಆದರೆ ಇದರಿಂದ ಜರಡಿ ಹಿಡಿಯುವ ಕೆಲಸ ಪೂರ್ತಿ ನಮ್ಮ ಮೇಲೆ ಬೀಳುತ್ತದೆ. ಅದಕ್ಕೆ ಬೇಕಾದ ಕಾಗದವೂ ನಮಗೆ ಸಿಗುತ್ತದೆ. ಅದೇ ಅಫಿಡವಿಟ್, ಅಂದರೆ ತನ್ನ ಕೇಸು, ಆಸ್ತಿ, ಸಾಲ, ಓದಿನ ಬಗ್ಗೆ ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಫಾರ್ಮ್ 26ರಲ್ಲಿ ಸಲ್ಲಿಸುವ ಪ್ರಮಾಣಪತ್ರ. ಇದು ಯಾವ ಪಕ್ಷವೂ ಇಷ್ಟಪಟ್ಟು ಕೊಟ್ಟಿದ್ದಲ್ಲ. ಚುನಾವಣಾ ಸುಧಾರಣೆಗಾಗಿ ಕೆಲಸ ಮಾಡುವ ಎಡಿಆರ್ ಎಂಬ ಸಂಸ್ಥೆ ಹೂಡಿದ ಕೇಸಿನಲ್ಲಿ 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರರ ಹಕ್ಕು ಎಂದಿತು. ಅದನ್ನು ಸಡಿಲಿಸಲು ಸಂಸತ್ತು ಕಾನೂನು ತಂದಾಗ 2003ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನೂ ತಳ್ಳಿಹಾಕಿತು.

ಮೊದಲು ಕಾಗದ ಹುಡುಕಿ

ನಾಮಪತ್ರ ಸಲ್ಲಿಕೆಯಾದ ಮೇಲೆ ಅಫಿಡವಿಟ್‌ನ ಪ್ರತಿಯನ್ನು ಚುನಾವಣಾಧಿಕಾರಿ ಕಚೇರಿಯ ಸೂಚನಾ ಫಲಕಕ್ಕೆ ಹಾಕುತ್ತಾರೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ, ಆ್ಯಪ್‌ನಲ್ಲೂ ಸಿಗುತ್ತದೆ. ಹಳೆಯ ಚುನಾವಣೆಗಳ ಅಫಿಡವಿಟ್ ಬೇಕಿದ್ದರೆ ಎಡಿಆರ್ ನಡೆಸುವ ‘ಮೈನೇತಾ’ ವೆಬ್‌ಸೈಟ್ ಅನುಕೂಲ. ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 14 ದಿನ ಇರಬೇಕು ಎಂದು ಕಾನೂನಿದೆ. ಅಷ್ಟರಲ್ಲಿ ಗೆಲ್ಲುವ ಸಾಧ್ಯತೆ ಇರುವ ಮೂರ್ನಾಲ್ಕು ಜನರ ಕಾಗದ ಓದಿದರೆ ಸಾಕು. ಎಲ್ಲರದ್ದೂ ಓದುತ್ತೇನೆ ಎಂದು ಕೂತರೆ ಯಾರದ್ದೂ ಮುಗಿಯುವುದಿಲ್ಲ.

ಕೇಸು ಎಷ್ಟು ಅನ್ನುವುದಕ್ಕಿಂತ ಯಾವುದು ಅಂತ ನೋಡಿ

‘ಇವರ ಮೇಲೆ 14 ಕೇಸಿದೆ’ ಎಂಬ ವಾಟ್ಸ್‌ಆ್ಯಪ್ ಮೆಸೇಜಿನಿಂದ ಏನೂ ಗೊತ್ತಾಗುವುದಿಲ್ಲ. ರೈತ ಹೋರಾಟದಲ್ಲೋ, ಕಾವೇರಿ ಚಳವಳಿಯಲ್ಲೋ ರಸ್ತೆ ತಡೆದವರ ಮೇಲೆ ಸಾಲುಸಾಲು ಕೇಸುಗಳಿರುವುದು ನಮ್ಮಲ್ಲಿ ಮಾಮೂಲಿ. ಅಫಿಡವಿಟ್‌ನಲ್ಲಿ ಎಫ್‌ಐಆರ್ ಸಂಖ್ಯೆ, ಠಾಣೆ, ಕೋರ್ಟು, ಸೆಕ್ಷನ್ ಎಲ್ಲ ಬರೆದಿರಬೇಕು. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 143, 188, 341 ಎಂದರೆ ಅಕ್ರಮ ಕೂಟ, ಆದೇಶ ಉಲ್ಲಂಘನೆ, ಅಡ್ಡಗಟ್ಟಿದ್ದು. ಚಳವಳಿಗಾರರ ಮೇಲೆ ಬೀಳುವುದು ಹೆಚ್ಚಾಗಿ ಇವೇ. 302 ಕೊಲೆ, 307 ಕೊಲೆ ಯತ್ನ, 376 ಅತ್ಯಾಚಾರ, 420 ವಂಚನೆ. 409 ಕಂಡರೆ ಸ್ವಲ್ಪ ನಿಂತು ಓದಿ. ನಂಬಿಕೆಯಿಂದ ವಹಿಸಿದ ಹಣ ಅಥವಾ ಆಸ್ತಿಯನ್ನು ಸರ್ಕಾರಿ ನೌಕರ, ಬ್ಯಾಂಕಿನವರಂಥವರು ನುಂಗಿದ ಆರೋಪ ಅದು. ಸಾರ್ವಜನಿಕ ಹಣ ನೋಡಿಕೊಳ್ಳುವ ಹುದ್ದೆಗೆ ಬರುವವರ ಕಾಗದದಲ್ಲಿ ಇದಕ್ಕೆ ಬೇರೆಯದೇ ತೂಕ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹೊಸ ಕೇಸುಗಳಲ್ಲಿ ನಂಬರ್ ಬೇರೆ. ಕೊಲೆ 103, ಕೊಲೆ ಯತ್ನ 109, ವಂಚನೆ 318.

ಪಕ್ಕದಲ್ಲೇ ‘ಆರೋಪ ನಿಗದಿಯಾಗಿದೆಯೇ’ ಎಂಬ ಕಾಲಂ ಇದೆ. ಎಫ್‌ಐಆರ್ ಯಾರ ಮೇಲೆ ಬೇಕಾದರೂ ಆಗಬಹುದು. ಆರೋಪ ನಿಗದಿಯಾಗಿದೆ ಎಂದರೆ ನ್ಯಾಯಾಧೀಶರೊಬ್ಬರು ದಾಖಲೆ ನೋಡಿ, ವಿಚಾರಣೆ ನಡೆಸುವಷ್ಟು ಅಂಶ ಇದೆ ಎಂದಿದ್ದಾರೆ. ಅದು ತೀರ್ಪಲ್ಲ ನಿಜ, ಆದರೆ ಬರೀ ದೂರೂ ಅಲ್ಲ.

ಕೇಸಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ ಅದಕ್ಕೆ ಕಾರಣ ಪ್ರಕಟಿಸಬೇಕು ಎಂದು 2020ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಗೆಲ್ಲುತ್ತಾರೆ ಎಂಬುದೊಂದೇ ಕಾರಣ ಸಾಲದು ಎಂದೂ ಹೇಳಿದೆ. ಪಕ್ಷದ ವೆಬ್‌ಸೈಟಿನಲ್ಲಿ ಆ ಕಾರಣ ಹುಡುಕಿ ಓದಿ. ‘ಜನಪ್ರಿಯರು, ಸಮಾಜ ಸೇವಕರು’ ಎಂದಷ್ಟೇ ಬರೆದಿದ್ದರೆ ಪಕ್ಷದ ಬಳಿ ಬೇರೆ ಉತ್ತರ ಇಲ್ಲ ಎಂದುಕೊಳ್ಳಬಹುದು.

ಆಸ್ತಿ: ಎರಡು ಅಫಿಡವಿಟ್ ಪಕ್ಕಪಕ್ಕ ಇಡಿ

ನಿಜವಾದ ಕೆಲಸ ಇರುವುದು ಇಲ್ಲಿ. ಟಿವಿಯಲ್ಲಿ ‘ಇಷ್ಟು ಕೋಟಿಯ ಒಡೆಯ’ ಎಂದು ತೋರಿಸುತ್ತಾರಲ್ಲ, ಆ ಅಂಕಿ ಒಂದರಿಂದಲೇ ಏನೂ ತಿಳಿಯದು. ಶ್ರೀಮಂತರಾಗಿರುವುದು ತಪ್ಪಲ್ಲ. ಐದು ವರ್ಷದಲ್ಲಿ ಆಸ್ತಿ ಹೇಗೆ ಬೆಳೆಯಿತು ಎಂಬುದು ಪ್ರಶ್ನೆ. ಹಾಗಾಗಿ ಕಳೆದ ಬಾರಿಯ ಅಫಿಡವಿಟ್ ಒಂದು ಕಡೆ, ಈ ಬಾರಿಯದ್ದು ಇನ್ನೊಂದು ಕಡೆ ಇಟ್ಟುಕೊಳ್ಳಿ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಬ್ಬರ ಆಸ್ತಿ ಐದು ವರ್ಷದ ಹಿಂದೆ ₹4 ಕೋಟಿ, ಈಗ ₹22 ಕೋಟಿ. ಏರಿದ್ದು ₹18 ಕೋಟಿ. ಅವರ ಹಳೆಯ ಜಮೀನಿನ ಬೆಲೆಯೇ 3 ಕೋಟಿಯಿಂದ 9 ಕೋಟಿಗೆ ಹೋಗಿದೆ. ಬೆಂಗಳೂರಿನ ಸುತ್ತಮುತ್ತ ಇದು ಆಶ್ಚರ್ಯವಲ್ಲ. ಆ 6 ಕೋಟಿ ಬಿಡಿ. ಉಳಿದ 12 ಕೋಟಿಗೆ ಹೊಸ ಸೈಟು, ಕಟ್ಟಡ, ಷೇರು ಬಂದಿವೆ. ಈಗ ಐದು ವರ್ಷಗಳ ಆದಾಯ ತೆರಿಗೆ ವಿವರದ ಕಾಲಂಗೆ ಬನ್ನಿ. ಗಂಡ ಹೆಂಡತಿ ಇಬ್ಬರ ಆದಾಯ ಕೂಡಿದರೂ ₹1.5 ಕೋಟಿ. ಸಾಲ ಜಾಸ್ತಿಯಾಗಿರುವುದು ₹2.5 ಕೋಟಿ. ಒಂದು ರೂಪಾಯಿಯೂ ಖರ್ಚು ಮಾಡದೆ ಬದುಕಿದ್ದರೂ ₹8 ಕೋಟಿ ಎಲ್ಲಿಂದ ಬಂತು?

ಇಷ್ಟಕ್ಕೇ ಕಳ್ಳ ಎಂದು ಕೂಗಬೇಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಪ್ಪನಿಂದ ಪಾಲು ಬಂದಿರಬಹುದು. ಪಿತ್ರಾರ್ಜಿತವೋ ಸ್ವಂತ ಸಂಪಾದನೆಯೋ ಎಂದು ಅದೇ ಕಾಗದದಲ್ಲಿ ಬರೆದಿರಬೇಕು, ಕೊಂಡ ದಿನಾಂಕ ಮತ್ತು ಕೊಟ್ಟ ಬೆಲೆಯೂ ಇರಬೇಕು. ಅಲ್ಲಿ ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನು ನೇರವಾಗಿ ಅಭ್ಯರ್ಥಿಗೆ ಕೇಳಬಹುದು.

ಇನ್ನು ಮೂರು ಮೂಲೆಗಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಒಂದು, ಕೈಸಾಲ. ಬ್ಯಾಂಕಿನಿಂದಲ್ಲದೆ ವ್ಯಕ್ತಿಗಳಿಂದ, ಕಂಪನಿಗಳಿಂದ ಪಡೆದ ಸಾಲಕ್ಕೆ ಕೊಟ್ಟವರ ಹೆಸರು ಬರೆಯಬೇಕು. ಕೊಟ್ಟವರು ಬಿಲ್ಡರೋ, ಗಣಿ ಕಂಪನಿಯೋ, ಕಂಟ್ರಾಕ್ಟರೋ ಎಂದು ನೋಡಿ. ನಾಳೆ ಶಾಸಕರ ಬಾಗಿಲಲ್ಲಿ ಮೊದಲು ನಿಲ್ಲುವವರು ಸಾಲ ಕೊಟ್ಟವರೇ. ಎರಡು, ಸರ್ಕಾರಿ ಗುತ್ತಿಗೆ. ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವರು ಪಾಲುದಾರರಾಗಿರುವ ಸಂಸ್ಥೆಗಳು ಸರ್ಕಾರದ ಜೊತೆ ಮಾಡಿಕೊಂಡ ಗುತ್ತಿಗೆಗಳ ವಿವರಕ್ಕೆ ಬೇರೆ ಜಾಗವೇ ಇದೆ. ಕಂಟ್ರಾಕ್ಟರ್‌ಗಳು ರಾಜಕೀಯಕ್ಕೆ ಬರುವ ನಮ್ಮ ರಾಜ್ಯದಲ್ಲಿ ಇದನ್ನು ಬಿಟ್ಟು ಓದಬಾರದು. ಮೂರನೆಯದು ಕಾಗದದಲ್ಲಿ ಕಾಣದೇ ಇರುವಂಥದ್ದು. ದುಡಿಯುವ ವಯಸ್ಸಿನ ಮಗ, ಮಗಳು, ಅಳಿಯ ಅವಲಂಬಿತರಲ್ಲವಾದರೆ ಅವರ ಆಸ್ತಿ ಇಲ್ಲಿ ಬರುವುದಿಲ್ಲ. ಅಭ್ಯರ್ಥಿಯ ಆಸ್ತಿ ಐದು ವರ್ಷ ಅಲುಗಾಡದೆ ನಿಂತಿದ್ದು, ಮಗನ ಹೆಸರಲ್ಲಿ ಕಾಲೇಜು, ಕ್ರಷರ್ ಎದ್ದಿದ್ದರೆ ಅದು ಊರವರಿಗೆ ಮಾತ್ರ ಗೊತ್ತಿರುವ ಸಂಗತಿ.

ಅಂದ ಹಾಗೆ, ಕರ್ನಾಟಕದ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೂ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರು ಆಗಾಗ ಸುದ್ದಿಯಾಗುತ್ತದೆ. ಹಾಲಿ ಶಾಸಕರು ಮತ್ತೆ ನಿಂತಿದ್ದರೆ ಆ ಹಳೆಯ ಸುದ್ದಿಯನ್ನೂ ಹುಡುಕಿ.

ಡಿಗ್ರಿಗೆ ಜಾಸ್ತಿ ಮಾರ್ಕ್ಸ್ ಕೊಡಬೇಡಿ

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಕಾಮರಾಜ್ 1954ರಿಂದ 1963ರವರೆಗೆ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೆ ಶಾಲೆ, ಮಧ್ಯಾಹ್ನದ ಊಟ ತಂದರು. ಡಿಗ್ರಿ ಇಲ್ಲ ಎನ್ನುವುದು ಕೊರತೆಯಲ್ಲ. ಆದರೆ ಹಿಂದಿನ ಅಫಿಡವಿಟ್‌ನಲ್ಲಿ ಒಂದು ಓದು, ಈಗ ಇನ್ನೊಂದು ಇದ್ದರೆ ಮಾತ್ರ ಬಿಡಬೇಡಿ.

ಕೂತ ಕುರ್ಚಿಯಲ್ಲಿ ಏನು ಮಾಡಿದರು?

ಸಂಸದರಾಗಿದ್ದವರ ಬಗ್ಗೆ ತಿಳಿಯುವುದು ಸುಲಭ. ಹಾಜರಿ ಎಷ್ಟು, ಎಷ್ಟು ಪ್ರಶ್ನೆ ಕೇಳಿದರು, ಯಾವ ಚರ್ಚೆಯಲ್ಲಿ ಮಾತಾಡಿದರು ಎಂಬುದನ್ನು ಪಿಆರ್‌ಎಸ್ ಎಂಬ ಸಂಸ್ಥೆ ವೆಬ್‌ಸೈಟಿನಲ್ಲಿ ಹಾಕುತ್ತದೆ. ಸಚಿವರ ಹಾಜರಿ ಅದರಲ್ಲಿ ಇರುವುದಿಲ್ಲ, ಸೊನ್ನೆ ಎಂದು ತಿಳಿಯಬೇಡಿ. ಶಾಸಕರ ವಿಷಯದಲ್ಲಿ ಸ್ವಲ್ಪ ಕಷ್ಟಪಡಬೇಕು. ವಿಧಾನಸಭೆಯ ವೆಬ್‌ಸೈಟಿನಲ್ಲಿ ಕಲಾಪದ ವರದಿ, ಚುಕ್ಕೆ ಗುರುತಿನ ಪ್ರಶ್ನೆಗಳು (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು) ಇರುತ್ತವೆ. ಪ್ರಶ್ನೆ ಎಷ್ಟು ಎಂದು ಎಣಿಸುವುದಕ್ಕಿಂತ ಒಂದೆರಡನ್ನು ಓದಿ ನೋಡಿ. ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಎಂದು ಕೇಳಿ, ಉತ್ತರ ಬಂದ ಮೇಲೆ ಅದರ ಬೆನ್ನು ಹತ್ತಿದವರು ಯಾರು, ಬರೀ ಪ್ರಶ್ನೆ ಹಾಕಿ ಕೈತೊಳೆದುಕೊಂಡವರು ಯಾರು ಎಂದು ಗೊತ್ತಾಗುತ್ತದೆ. ಸಚಿವರಾಗಿದ್ದವರಾದರೆ ಅವರ ಇಲಾಖೆಯ ಬಗ್ಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಏನು ಹೇಳಿತು ಎಂದು ನೋಡಿ.

ಬಸ್ ಸ್ಟ್ಯಾಂಡಿಗೆ ಫೋಟೊ ಹಾಕಿಸಿಕೊಂಡಿದ್ದನ್ನು ಸಾಧನೆಗೆ ಸೇರಿಸಬೇಡಿ. ಸಂಸದರಿಗೆ ವರ್ಷಕ್ಕೆ ₹5 ಕೋಟಿ, ನಮ್ಮ ಶಾಸಕರಿಗೆ ₹2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಯಾರೇ ಗೆದ್ದರೂ ಅದು ಬರುತ್ತದೆ, ಅಲ್ವಾ? ಅದರಲ್ಲಿ ಎಷ್ಟು ಬಳಸಿದರು, ಯಾವ ಹಳ್ಳಿ ಬಿಟ್ಟುಹೋಯಿತು ಎಂಬುದಷ್ಟೇ ಕೇಳಬೇಕಾದ್ದು.

ಪಕ್ಷ ಬದಲಿಸಿದ ಇತಿಹಾಸವನ್ನೂ ಗುರುತು ಹಾಕಿಕೊಳ್ಳಿ. 2019ರಲ್ಲಿ ಪಕ್ಷಾಂತರ ನಿಷೇಧ ಕಾನೂನಿನಡಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ನಿಂತವರ ಪೈಕಿ ಬಹುತೇಕರು ಗೆದ್ದೂ ಬಂದರು. ಪಕ್ಷ ಬಿಡಲೇಬಾರದು ಎಂದೇನಿಲ್ಲ. ಬಿಡುವಾಗ ಹೇಳಿದ ಕಾರಣ ಏನು, ಆಮೇಲೆ ಸಿಕ್ಕಿದ್ದೇನು, ಆ ಎರಡಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿದರೆ ಸಾಕು.

ಹೊಸಬರು ನಿಂತಿದ್ದರೆ ಅವರು ಹಿಂದೆ ಎಲ್ಲಿ ಲೆಕ್ಕ ಒಪ್ಪಿಸಿದ್ದಾರೆ ಎಂದು ಹುಡುಕಿ. ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ಸಹಕಾರ ಸಂಘ, ಶಾಲಾ ಟ್ರಸ್ಟ್, ಏನೂ ಆಗಬಹುದು. ಸಂಘದ ಆಡಿಟ್ ವರದಿ, ವಾರ್ಷಿಕ ಮಹಾಸಭೆಯಲ್ಲಿ ನಡೆದ ಜಗಳ, ಇವು ಭಾಷಣಕ್ಕಿಂತ ಜಾಸ್ತಿ ಹೇಳುತ್ತವೆ.

ಮನೆ ಬಾಗಿಲಿಗೆ ಬಂದಾಗ

‘ರಸ್ತೆ ಮಾಡಿಸ್ತೀರಾ?’ ಎಂದರೆ ‘ಖಂಡಿತ’ ಎಂಬ ಉತ್ತರ ರೆಡಿ ಇರುತ್ತದೆ. ಅದರ ಬದಲು, ‘ಈ ರಸ್ತೆ ಪಂಚಾಯಿತಿಯದ್ದೋ, ಲೋಕೋಪಯೋಗಿ ಇಲಾಖೆಯದ್ದೋ? ದುಡ್ಡು ಯಾವ ಲೆಕ್ಕದಿಂದ ಬರುತ್ತೆ?’ ಎಂದು ಕೇಳಿ. ಕೆಲಸ ಗೊತ್ತಿರುವವರು ಥಟ್ಟನೆ ಹೇಳುತ್ತಾರೆ. ಗೊತ್ತಿಲ್ಲ, ತಿಳಿದು ಹೇಳ್ತೀನಿ ಎನ್ನುವವರನ್ನೂ ನಾನು ಕೆಳಗೆ ಹಾಕುವುದಿಲ್ಲ. ಪಕ್ಕದಲ್ಲಿದ್ದ ಹುಡುಗರು ‘ಸುಮ್ನಿರಿ, ಟೈಮ್ ಆಯ್ತು’ ಎಂದು ಎಳೆದುಕೊಂಡು ಹೋದರೆ ಅದೂ ಒಂದು ಉತ್ತರವೇ.

ಕಾಗದದಲ್ಲಿ ಸುಳ್ಳು ಕಂಡರೆ

ಕಾಲಂ ಖಾಲಿ ಬಿಟ್ಟು, ತುಂಬಲು ಹೇಳಿದರೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಅಧಿಕಾರ ಅದು. ಸುಳ್ಳು ಬರೆದಿದ್ದಾರೆ ಎಂಬ ಕಾರಣಕ್ಕೆ ಮಾತ್ರ ಚುನಾವಣಾಧಿಕಾರಿ ಸಾಮಾನ್ಯವಾಗಿ ತಿರಸ್ಕರಿಸುವುದಿಲ್ಲ. ಆದರೆ ನಿಮ್ಮ ಬಳಿ ದಾಖಲೆ ಇದ್ದರೆ ಅಭ್ಯರ್ಥಿ ಬರೆದಿದ್ದನ್ನು ಅಲ್ಲಗಳೆದು ನೀವೂ ಒಂದು ಅಫಿಡವಿಟ್ ಸಲ್ಲಿಸಬಹುದು. ಅಭ್ಯರ್ಥಿಯ ಕಾಗದದಂತೆ ಅದನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಸುಳ್ಳು ಪ್ರಮಾಣಪತ್ರಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಅಡಿ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಇದೆ. ಅಂಥವರು ಗೆದ್ದೇಬಿಟ್ಟರೆ, ಫಲಿತಾಂಶ ಬಂದ 45 ದಿನಗಳೊಳಗೆ ಆ ಕ್ಷೇತ್ರದ ಯಾವ ಮತದಾರರು ಬೇಕಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಆಗ ಬೇಕಾಗುವುದು ಈಗ ಡೌನ್‌ಲೋಡ್ ಮಾಡಿದ ಇದೇ ಅಫಿಡವಿಟ್. ಮತದಾನ ಮುಗಿಯಿತು ಎಂದು ಫೋನಿನಿಂದ ಅಳಿಸಿಬಿಡಬೇಡಿ.