ಕರಾವಳಿಯಲ್ಲಿ ಏರ್ ಕಂಪ್ರೆಸರ್ ಸಾಕುವುದು: ನನ್ನ ಅನುಭವ

ಉಡುಪಿಯ ಅಂಬಲಪಾಡಿಯ ಹತ್ತಿರ ನನ್ನದೊಂದು ಸಣ್ಣ ಸ್ಪ್ರೇ ಪೇಂಟಿಂಗ್ ಶೆಡ್ ಇದೆ. ಮರದ ಬಾಗಿಲು, ಕಪಾಟುಗಳಿಗೆ ಪಿಯು ಪಾಲಿಶ್ ಮಾಡುವುದು, ಗೇಟು, ಗ್ರಿಲ್‌ಗಳಿಗೆ ಬಣ್ಣ ಹೊಡೆಯುವುದು ವರ್ಷವಿಡೀ ನಡೆಯುವ ಕೆಲಸ. ಮಳೆಗಾಲದಲ್ಲಿ ಅದರ ಜೊತೆಗೆ ಮಲ್ಪೆಯ ಬೋಟುಗಳ ಕೆಲಸವೂ ಸೇರಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟುಗಳು ಬಂದರಿನಲ್ಲೇ ನಿಲ್ಲುವುದರಿಂದ ಅವುಗಳ ತುಕ್ಕು ಕೆರೆಯುವುದು, ತಗಡು ಬದಲಿಸುವುದು, ಬಣ್ಣ ಹೊಡೆಯುವುದು ಎಲ್ಲವೂ ಆ ಎರಡು ತಿಂಗಳಲ್ಲಿ, ಟಾರ್ಪಾಲಿನ ಅಡಿಯಲ್ಲಿ, ಮಳೆ ಬಿಟ್ಟುಕೊಟ್ಟ ಹೊತ್ತಿನಲ್ಲಿ ಮುಗಿಯಬೇಕು. ಹೀಗಾಗಿ ಗಾಳಿಯಲ್ಲಿ ತೇವ ಅತಿ ಹೆಚ್ಚಿರುವ ದಿನಗಳಲ್ಲೇ, ಬಣ್ಣ ಸಿಂಪಡಿಸಲು ಗಾಳಿಯನ್ನು ಒತ್ತಿ ಕೊಡುವ ನನ್ನ ಕಂಪ್ರೆಸರಿಗೆ ಅತಿ ಹೆಚ್ಚು ದುಡಿತ. ಈ ಯಂತ್ರದ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಸಂಗತಿಯಿಂದಲೇ ಬಂದದ್ದು.

ನನ್ನಲ್ಲಿರುವುದು 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಬೆಲ್ಟಿನಿಂದ ತಿರುಗುವ ಪಂಪು, 50 ಲೀಟರಿನ ಟ್ಯಾಂಕು ಇರುವ, ಎರಡು ಗಾಲಿಯ ಮೇಲೆ ಎಳೆದುಕೊಂಡು ಹೋಗಬಹುದಾದ ಸಾಮಾನ್ಯ ಕಂಪ್ರೆಸರು. ಟ್ಯಾಂಕಿನ ಒತ್ತಡ 8 ಬಾರ್ (ಒಂದು ಬಾರ್ ಎಂದರೆ ಹೆಚ್ಚೂಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ತಲುಪಿದಾಗ ಪ್ರೆಷರ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ, 6 ಬಾರ್‌ಗೆ ಇಳಿದಾಗ ಮತ್ತೆ ಚಾಲೂ ಮಾಡುತ್ತದೆ. ಟ್ಯಾಂಕಿನ ಫಲಕದಲ್ಲಿ ಗರಿಷ್ಠ ಒತ್ತಡ 10 ಬಾರ್ ಎಂದು ಕೊರೆದಿದ್ದಾರೆ. ಸೇಫ್ಟಿ ವಾಲ್ವು ಅದಕ್ಕಿಂತ ಸ್ವಲ್ಪ ಮೊದಲೇ ತೆರೆದುಕೊಳ್ಳಬೇಕು.

ಹೊಸದರಲ್ಲಿ ಟ್ಯಾಂಕಿನ ಅಡಿಯ ಡ್ರೇನ್ ಕಾಕ್, ಅಂದರೆ ನೀರು ಬಸಿಯುವ ನಲ್ಲಿ, ಯಾಕಿದೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ತಿರುಗಿಸುತ್ತಿದ್ದೆ, ಒಂದಷ್ಟು ಕೆಂಪು ನೀರು ಚಿಮ್ಮುತ್ತಿತ್ತು, ಮುಚ್ಚುತ್ತಿದ್ದೆ. ಒಂದು ಜುಲೈಯಲ್ಲಿ ತೇಗದ ಬಾಗಿಲೊಂದರ ಪಾಲಿಶ್ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದು, ಎರಡು ಬಾರಿ ಉಜ್ಜಿ ತೆಗೆದು ಮತ್ತೆ ಹೊಡೆದರೂ ಹಾಗೇ ಆದಾಗ, ಸ್ಪ್ರೇ ಗನ್ನಿನಿಂದ ಬರುತ್ತಿರುವುದು ಬರೀ ಗಾಳಿಯಲ್ಲ, ನೀರೂ ಬರುತ್ತಿದೆ ಎಂದು ಅರಿವಾಯಿತು. ಅಂದು ಸಂಜೆ ಡ್ರೇನ್ ಕಾಕಿನ ಕೆಳಗೆ ಒಂದು ಲೀಟರಿನ ಖಾಲಿ ಬಾಟಲಿ ಹಿಡಿದೆ. ಆ ಒಂದು ದಿನ ಮೋಟಾರು ಒಟ್ಟು ಮೂರು ಗಂಟೆಯಷ್ಟು ಓಡಿದ್ದಿರಬಹುದು. ಬಾಟಲಿ ಅರ್ಧ ತುಂಬಿತು. ಗಾಣದಿಂದ ಇಳಿದ ಎಣ್ಣೆಯ ಹಾಗೆ ಮೇಲೊಂದು ಜಿಡ್ಡಿನ ಪದರ, ಅಡಿಯಲ್ಲಿ ಇಟ್ಟಿಗೆ ಪುಡಿಯಂತಹ ತುಕ್ಕಿನ ಗಸಿ.

ಇದು ನನ್ನ ಯಂತ್ರದ ದೋಷವಲ್ಲ, ಲೆಕ್ಕವೇ ಹಾಗಿದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಮಿನಷ್ಟು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ನಮ್ಮ ಮಳೆಗಾಲದಲ್ಲಿ ತೇವಾಂಶ ಶೇಕಡಾ 85 ದಾಟಿರುವುದರಿಂದ ಪಂಪು ಒಳಗೆಳೆದುಕೊಳ್ಳುವ ಪ್ರತಿ ಘನ ಮೀಟರಿನಲ್ಲೂ 25 ಗ್ರಾಮಿಗಿಂತ ಹೆಚ್ಚು ನೀರು ಇದ್ದೇ ಇರುತ್ತದೆ. ಅಂತಹ ಒಂಬತ್ತು ಘನ ಮೀಟರನ್ನು ಒತ್ತಿ ಒಂದು ಘನ ಮೀಟರಿಗೆ ಇಳಿಸಿದಾಗ, ತಣಿದ ಮೇಲೆ ಆ ಒಂದು ಘನ ಮೀಟರು ಮತ್ತೆ 30 ಗ್ರಾಮನ್ನೇ ಹಿಡಿದಿಟ್ಟುಕೊಂಡು ಉಳಿದದ್ದನ್ನೆಲ್ಲ ನೀರಾಗಿ ಬಿಟ್ಟುಬಿಡುತ್ತದೆ. ನಿಮಿಷಕ್ಕೆ 150 ಲೀಟರ್ ಗಾಳಿ ಎಳೆಯುವ ಪಂಪು ಒಂದು ಗಂಟೆ ಓಡಿದರೆ ಒಂಬತ್ತು ಘನ ಮೀಟರ್ ಆಯಿತು, ಅಂದರೆ ಗಂಟೆಗೆ ಸುಮಾರು 200 ಮಿಲಿಲೀಟರ್ ನೀರು. ಬಿಸಿಯಿರುವಷ್ಟು ಹೊತ್ತು ಅದರಲ್ಲೊಂದು ಪಾಲು ಟ್ಯಾಂಕಿನಲ್ಲಿ ನಿಲ್ಲದೆ ಪೈಪಿನುದ್ದಕ್ಕೂ ಹೋಗಿ ಗನ್ನಿನಲ್ಲಿ ಇಳಿಯುತ್ತದೆ. ಗುಳ್ಳೆ ಬಂದದ್ದು ಅದರಿಂದ. ಗಾಳಿಯಿಂದ ನೀರನ್ನು ಬೇರೆ ಮಾಡುವ ವಾಟರ್ ಸೆಪರೇಟರನ್ನು ಕಂಪ್ರೆಸರಿನ ಬಾಯಿಗೆ ಕಟ್ಟದೆ, ಗಾಳಿ ತಣಿಯುವಷ್ಟು ದೂರದಲ್ಲಿ, ಗನ್ನಿನ ಹತ್ತಿರಕ್ಕೆ ಕಟ್ಟಿದ ಮೇಲೆ ಪಾಲಿಶ್ ಸರಿಯಾಯಿತು. ಆದರೆ ಟ್ಯಾಂಕಿನೊಳಗೆ ಅಷ್ಟು ವರ್ಷ ನಿಂತ ನೀರು ತನ್ನ ಕೆಲಸ ಮಾಡಿ ಮುಗಿಸಿತ್ತು.

ಮುಂದಿನ ವರ್ಷ ಮಲ್ಪೆಯಲ್ಲಿ ಒಂದು ಸ್ಟೀಲ್ ಬೋಟಿನ ಬದಿಗೆ ಪ್ರೈಮರ್ ಹೊಡೆಯುತ್ತಿದ್ದಾಗ ನನ್ನ ಸಹಾಯಕ ಹುಡುಗ ಟ್ಯಾಂಕಿನ ಹತ್ತಿರ ಬಗ್ಗಿ, "ಅಣ್ಣಾ, ನೀರ್ ಬರೊಂದುಂಡು" ಎಂದ. ನೋಡಿದರೆ ಟ್ಯಾಂಕಿನ ಹೊಟ್ಟೆಯ ಅಡಿಯಲ್ಲಿ, ಡ್ರೇನ್ ಕಾಕಿನಿಂದ ನಾಲ್ಕು ಬೆರಳು ದೂರದಲ್ಲಿ, ಸೂಜಿಮೊನೆಯಷ್ಟು ತೂತಿನಿಂದ ಸಣ್ಣ ತುಂತುರು ಬರುತ್ತಿತ್ತು. ಸುತ್ತ ಬಣ್ಣ ಉಬ್ಬಿ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಗುಳ್ಳೆಯಾಗಿತ್ತು. ಹುಡುಗ ಎಂ-ಸೀಲ್ ಹಚ್ಚೋಣವೆಂದ. ಪಕ್ಕದ ಬೋಟಿನಲ್ಲಿದ್ದ ವೆಲ್ಡರ್, "ಒಂದು ಚುಕ್ಕಿ ಇಟ್ಟುಬಿಡ್ತೇನೆ, ಹತ್ತು ನಿಮಿಷದ ಕೆಲಸ ಮಾರಾಯ್ರೆ" ಎಂದ. ಬೋಟಿನ ಯಜಮಾನರು ಹಿಂದಿನಿಂದ ಅವಸರ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ನಾನು ಒಪ್ಪಿದ್ದರೆ ಆಶ್ಚರ್ಯವೇನೂ ಇರಲಿಲ್ಲ. ಒಪ್ಪದಿರಲು ಜಾಣತನಕ್ಕಿಂತ ಹೆಚ್ಚಾಗಿ ಭಯವೇ ಕಾರಣ. ಪ್ಲಗ್ ಕಿತ್ತು, ಟ್ಯಾಂಕನ್ನು ಮುಟ್ಟದೆ ಗನ್ನಿನ ಕಡೆಯಿಂದಲೇ ಗಾಳಿಯನ್ನೆಲ್ಲ ಬಿಟ್ಟು, ಅಂದಿನ ಕೆಲಸಕ್ಕೆ ಬಾಡಿಗೆಗೆ ಬೇರೊಂದು ಕಂಪ್ರೆಸರ್ ತರಿಸಿದೆ.

ಆ ಟ್ಯಾಂಕನ್ನು ಗುಜರಿಗೆ ಹಾಕುವ ಮೊದಲು ಗ್ರೈಂಡರಿನಿಂದ ಉದ್ದಕ್ಕೆ ಸೀಳಿಸಿದೆ. ಮೇಲ್ಭಾಗದ ತಗಡನ್ನು ವರ್ನಿಯರಿನಲ್ಲಿ ಹಿಡಿದಾಗ 2.9 ಮಿಲಿಮೀಟರ್ ಇತ್ತು, ಹೆಚ್ಚೂಕಡಿಮೆ ಹೊಸತರಷ್ಟೇ. ಅಡಿಯಲ್ಲಿ ನೀರು ನಿಲ್ಲುವ ಪಟ್ಟಿಯಲ್ಲಿ, ತೂತಿನಿಂದ ಒಂದು ಗೇಣು ಆಚೆಗೂ, 0.8 ಮಿಲಿಮೀಟರ್ ಮಾತ್ರ ಉಳಿದಿತ್ತು. ತೂತಿನ ಸುತ್ತ ಸ್ಕ್ರೂಡ್ರೈವರಿನಿಂದ ಒತ್ತಿದರೆ ಹಪ್ಪಳದಂತೆ ಒಡೆಯಿತು. ಕಣ್ಣಿಗೆ ಕಂಡ ತೂತು ಒಂದೇ ಆದರೂ ಅದರ ಹಿಂದೆ ಇಡೀ ಅಡಿಭಾಗವೇ ಕಾಗದವಾಗಿತ್ತು. ಅಲ್ಲಿ ವೆಲ್ಡಿಂಗ್ ಮಾಡಿದ್ದರೆ ಆ ತೂತು ಮುಚ್ಚುತ್ತಿತ್ತು, ಪಕ್ಕದ ತೆಳು ತಗಡು ಬೆಂದು ಇನ್ನಷ್ಟು ಸೋಲುತ್ತಿತ್ತು. 8 ಬಾರಿನಲ್ಲಿ 50 ಲೀಟರ್ ಗಾಳಿಯೊಳಗೆ ಅಡಗಿರುವ ಶಕ್ತಿ ಸುಮಾರು 60 ಕಿಲೋಜೂಲ್, ಅಂದರೆ ಒಂದು ಟನ್ ತೂಕದ ಕಾರನ್ನು ಆರು ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟು. ಟ್ಯಾಂಕು ಬಿರಿದರೆ ಅದಷ್ಟೂ ಒಂದೇ ಕ್ಷಣದಲ್ಲಿ ಹೊರಬರುತ್ತದೆ.

ಈಗಿನ ಟ್ಯಾಂಕಿಗೆ ಎರಡು ವರ್ಷಕ್ಕೊಮ್ಮೆ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಹೈಡ್ರೋ ಟೆಸ್ಟ್ ಮಾಡಿಸುತ್ತೇನೆ. ಟ್ಯಾಂಕಿನೊಳಗೆ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ, ಕೈಪಂಪಿನಿಂದ ಗರಿಷ್ಠ ಒತ್ತಡದ ಒಂದೂವರೆ ಪಟ್ಟು, ನನ್ನದಕ್ಕೆ 15 ಬಾರ್, ಏರಿಸಿ ಅರ್ಧ ಗಂಟೆ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಗಾಳಿಯ ಬದಲು ನೀರೇ ಯಾಕೆಂದರೆ ಅದು ಒತ್ತಿದರೂ ಕುಗ್ಗುವುದು ತೀರಾ ಕಡಿಮೆ. ಆದ್ದರಿಂದ ಟ್ಯಾಂಕು ಸೀಳಿದರೂ ನೀರು ಚಿಮ್ಮಿ ನಿಲ್ಲುತ್ತದೆ, ಸ್ಫೋಟವಾಗುವುದಿಲ್ಲ. ಇದೇ ಪರೀಕ್ಷೆಯನ್ನು "ಗಾಳಿಯಲ್ಲೇ ಮಾಡಿ ಸೋಪಿನ ನೀರು ಹಚ್ಚಿ ನೋಡಿದರೆ ಸಾಕು" ಎಂದು ಹೇಳುವವರೂ ಸಿಕ್ಕಿದ್ದಾರೆ. ಅವರ ಶೆಡ್ಡಿನಿಂದ ಬೇಗ ಹೊರಬಂದಿದ್ದೇನೆ.

ಉಪ್ಪುಗಾಳಿಯ ಇನ್ನೊಂದು ಪೆಟ್ಟು ಬಿದ್ದದ್ದು ಸೇಫ್ಟಿ ವಾಲ್ವಿಗೆ. ಒಂದು ಮಧ್ಯಾಹ್ನ ಮೋಟಾರು ನಿಲ್ಲಬೇಕಾದ ಹೊತ್ತು ಮೀರಿಯೂ ಓಡುತ್ತಿರುವುದು ಸದ್ದಿನಲ್ಲೇ ತಿಳಿಯಿತು. ಪಂಪಿನ ದನಿ ಭಾರವಾಗಿತ್ತು. ಮುಳ್ಳು 9 ದಾಟಿ 10ರ ಕೆಂಪು ಗೆರೆಯ ಮೇಲೆ ನಿಂತಿತ್ತು, ಸೇಫ್ಟಿ ವಾಲ್ವು ಬಾಯಿ ಬಿಟ್ಟಿರಲಿಲ್ಲ. ಗೋಡೆಯ ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಪೈಪಿನ ತುದಿಯಿಂದ ಗಾಳಿ ಬಿಟ್ಟ ಮೇಲೆಯೇ ಹತ್ತಿರ ಹೋದದ್ದು. ಪ್ರೆಷರ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟುಗಳು ಕಿಡಿಯಿಂದ ಬೆಸೆದುಕೊಂಡಿದ್ದವು. ಸೇಫ್ಟಿ ವಾಲ್ವನ್ನು ಬಿಚ್ಚಿದರೆ ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಎರಡು ಕಾವಲುಗಳೂ ಒಂದೇ ದಿನ ಕೈಕೊಟ್ಟದ್ದಲ್ಲ. ಒಂದು ಯಾವಾಗಲೋ ಸತ್ತಿತ್ತು, ಇನ್ನೊಂದು ಸಾಯುವವರೆಗೆ ನನಗೆ ಗೊತ್ತಾಗಲಿಲ್ಲ, ಅಷ್ಟೆ. ಈಗ ಪ್ರತಿ ಸೋಮವಾರ ಟ್ಯಾಂಕಿನಲ್ಲಿ ಒತ್ತಡ ಇರುವಾಗ, ಕನ್ನಡಕ ಹಾಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ವಾಲ್ವಿನ ಉಂಗುರ ಎಳೆಯುತ್ತೇನೆ. ಜೋರಾಗಿ ಗಾಳಿ ಬಿಟ್ಟು, ಉಂಗುರ ಬಿಟ್ಟ ತಕ್ಷಣ ಮುಚ್ಚಿಕೊಳ್ಳಬೇಕು. ಎರಡರಲ್ಲಿ ಒಂದು ತಪ್ಪಿದರೂ ವಾಲ್ವನ್ನು ತಿಕ್ಕಿ ತೊಳೆದು ಮತ್ತೆ ಹಾಕುವ ಉಸಾಬರಿಗೆ ಹೋಗದೆ ಹೊಸದನ್ನೇ ಹಾಕುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಕಟ್ಟಿದ ದಂಡ ಒಂದು ಸುಟ್ಟ ಮೋಟಾರು. ಮನೆಗೆ ಹೋಗಿ ಕೆಲಸ ಮಾಡುವಾಗ ಪ್ಲಗ್ ಪಾಯಿಂಟ್ ಒಳಗೆ, ಗೇಟು ಅಂಗಳದ ತುದಿಯಲ್ಲಿ. ಮಾಮೂಲಿ 1 ಚದರ ಮಿಲಿಮೀಟರಿನ ವೈರಿನ 30 ಮೀಟರ್ ಎಕ್ಸ್‌ಟೆನ್ಶನ್ ಎಳೆಯುತ್ತಿದ್ದೆ. ಹೋಗಿ ಬರುವ 60 ಮೀಟರ್ ತಾಮ್ರದ ರೋಧ ಸುಮಾರು 1.1 ಓಮ್. ಓಡುತ್ತಿರುವಾಗ 10 ಆಂಪಿಯರಿಗೆ 11 ವೋಲ್ಟ್ ಹೋದರೆ ಚಿಂತೆಯಿಲ್ಲ, ಆದರೆ ಚಾಲೂ ಆಗುವ ಕ್ಷಣದಲ್ಲಿ ಈ ಮೋಟಾರು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆಗ ವೈರಿನಲ್ಲೇ 55 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಲೈನಿನಲ್ಲೇ 200 ವೋಲ್ಟ್ ಇರುವ ದಿನ ಮೋಟಾರಿಗೆ ಸಿಗುವುದು 150ರ ಆಸುಪಾಸು. ಅದು ತಿರುಗಲಾರದೆ ಗುಂಯ್‌ಗುಡುತ್ತ ನಿಂತಲ್ಲೇ ಬೇಯುತ್ತದೆ. ಈಗ ನಾನು ವೈರನ್ನು ಗಿಡ್ಡ ಮಾಡಿ, ಅದನ್ನೂ 2.5 ಚದರ ಮಿಲಿಮೀಟರಿನದ್ದನ್ನೇ ಬಳಸಿ, ಗಾಳಿಯ ಪೈಪನ್ನು ಉದ್ದ ಮಾಡಿದ್ದೇನೆ. ಗಾಳಿಯ ಪೈಪು ಒದ್ದೆ ಅಂಗಳದಲ್ಲಿ ಬಿದ್ದಿದ್ದರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ ಎಂಬುದು ಇದರ ಇನ್ನೊಂದು ಲಾಭ. ಆದರೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್ಚು) ಇರುವ ನನ್ನದೇ ಬೋರ್ಡಿನ ಮೂಲಕವಲ್ಲದೆ ಯಾವ ಮನೆಯಲ್ಲೂ ಪ್ಲಗ್ ಹಾಕುವುದಿಲ್ಲ.

ಇದೇ ಗುಂಯ್ ಸದ್ದಿಗೆ ಇನ್ನೊಂದು ಕಾರಣವೂ ಇರುತ್ತದೆ. ಮೋಟಾರು ನಿಂತ ಕೂಡಲೇ ಸ್ವಿಚ್ಚಿನ ಹತ್ತಿರ "ಪುಸ್" ಎಂದು ಸ್ವಲ್ಪ ಗಾಳಿ ಬಿಡುವುದು ಅನ್‌ಲೋಡರ್. ಪಂಪಿನ ತಲೆಯಲ್ಲಿ ಉಳಿದ ಒತ್ತಡವನ್ನು ಅದು ಖಾಲಿ ಮಾಡದಿದ್ದರೆ ಮುಂದಿನ ಬಾರಿ ಮೋಟಾರು ಆ ಭಾರವನ್ನು ತಳ್ಳಿಕೊಂಡೇ ಏಳಬೇಕು. ಆ ಪುಸ್ ಕೇಳದಿದ್ದರೆ, ಅಥವಾ ನಿಲ್ಲದೆ ಕೇಳುತ್ತಲೇ ಇದ್ದರೆ (ಆಗ ತಪ್ಪು ಟ್ಯಾಂಕಿನ ಗಾಳಿ ಪಂಪಿನ ಕಡೆಗೆ ಹಿಂದಿರುಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವಿನದು), ಕೆಲಸ ನಿಲ್ಲಿಸಿ ಮೊದಲು ಅದನ್ನು ನೋಡಬೇಕು.

ಎಣ್ಣೆ, ಫಿಲ್ಟರು, ಬೆಲ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವೆಲ್ಲ ಕೈಪಿಡಿಯಲ್ಲೇ ಇವೆ. ಬೈಕಿಗೆ ಹಾಕಿ ಉಳಿದ ಎಂಜಿನ್ ಆಯಿಲ್ ಸುರಿಯದೆ ಕಂಪ್ರೆಸರಿನದೇ ಎಣ್ಣೆ ಹಾಕಬೇಕು, ಮತ್ತು ಗಾಜಿನ ಕಿಂಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದು ತಿಳಿದು ಅವಧಿ ಮುಗಿಯುವವರೆಗೆ ಕಾಯದೆ ಬದಲಿಸಬೇಕು. ಮಳೆಗಾಲದಲ್ಲಿ ಇದು ನನಗೆ ಎರಡು ಬಾರಿಯಾದರೂ ಆಗುತ್ತದೆ. ಕೆಂಪುಕಲ್ಲು ಕತ್ತರಿಸುವ ಜಾಗದಲ್ಲಿ ಕೆಲಸವಿದ್ದರೆ ಫಿಲ್ಟರಿನ ಸ್ಪಾಂಜು ಸಂಜೆಯೊಳಗೆ ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ, ಅಂದೇ ತೊಳೆಯಬೇಕು. ಬೆಲ್ಟಿನ ಜಾಲರಿ ತೆಗೆದಿಟ್ಟು ಓಡಿಸುವವರ ಬಗ್ಗೆ ನನಗೆ ತಾಳ್ಮೆಯಿಲ್ಲ.

ಗಾಳಿಯನ್ನು ಆಟದ ಸಾಮಾನು ಎಂದುಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡಿಸಲು ವರ್ಷಗಳೇ ಬೇಕಾದವು. ಸಂಜೆ ಹೊರಡುವಾಗ ಬ್ಲೋ ಗನ್ನಿನಿಂದ ಅಂಗಿಯ ಧೂಳು ಹಾರಿಸಿಕೊಳ್ಳದ ಹುಡುಗರನ್ನು ನಾನು ಕಂಡಿಲ್ಲ. ಆ ಒತ್ತಡದ ಗಾಳಿ ಗಾಯದ ಮೂಲಕ ಚರ್ಮದೊಳಗೆ ನುಗ್ಗಬಲ್ಲದು, ರಕ್ತನಾಳಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ, ಕಣ್ಣು ಕಿವಿಗಳ ಮಾತಂತೂ ಹೇಳಬೇಕಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮವು ವಸ್ತುಗಳನ್ನು ಸ್ವಚ್ಛ ಮಾಡುವುದಕ್ಕೂ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕಡಿಮೆ ಇರಬೇಕೆನ್ನುತ್ತದೆ. ನಮ್ಮ ಟ್ಯಾಂಕಿನ 8 ಬಾರ್ ಎಂದರೆ ಆ ಅಳತೆಯಲ್ಲಿ 116. ನಾನು ಬಾಗಿಲ ಬಳಿ ಒಂದು ಬಟ್ಟೆ ಬ್ರಷ್ಷು ತೂಗುಹಾಕಿ, ಬ್ಲೋ ಗನ್ನನ್ನು ಬೀಗದೊಳಗೆ ಇಟ್ಟೆ. ಬೈದದ್ದಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ಕಂಪ್ರೆಸರನ್ನು ಬಣ್ಣ ಹೊಡೆಯುವ ಕೋಣೆಯೊಳಗೆ ಇಡಬಾರದು: ಥಿನ್ನರಿನ ಆವಿಗೆ ಪ್ರೆಷರ್ ಸ್ವಿಚ್ಚಿನ ಒಂದು ಕಿಡಿ ಸಾಕು, ಜೊತೆಗೆ ಅದೇ ಆವಿಯನ್ನು ಪಂಪು ಒಳಗೆಳೆದುಕೊಳ್ಳುತ್ತದೆ. ನನ್ನದು ಗೋಡೆಯಾಚೆ, ಸೂರಿನಡಿಯಲ್ಲಿ, ಮಳೆಯ ಎರಚಲು ತಾಗದ ಮೂಲೆಯಲ್ಲಿ ನಿಲ್ಲುತ್ತದೆ. ಬೇರೆ ಕಡೆಗೆ ಒಯ್ಯುವಾಗ ಟ್ಯಾಂಕಿನಲ್ಲಿ ಗಾಳಿ ಇಟ್ಟುಕೊಂಡು ಗೂಡ್ಸ್ ರಿಕ್ಷಾಕ್ಕೆ ಏರಿಸುವುದಿಲ್ಲ, ಜಾಗ ಸಾಲದೆಂದು ಅಡ್ಡ ಮಲಗಿಸುವುದೂ ಇಲ್ಲ. ಮಲಗಿಸಿದರೆ ಎಣ್ಣೆ ಸಿಲಿಂಡರಿಗೆ ಹರಿದು ವಾಲ್ವಿನ ತಗಡುಗಳ ಮೇಲೆ ಕೂರುತ್ತದೆ.

ದಿನದ ಕೊನೆಯ ಕೆಲಸ ಇನ್ನೂ ಆ ಡ್ರೇನ್ ಕಾಕಿನದೇ. ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆದು, ಪೈಪಿನಿಂದ ಗಾಳಿ ಬಿಟ್ಟು ಒತ್ತಡವನ್ನು 1-2 ಬಾರ್‌ಗೆ ಇಳಿಸಿ, ಆಮೇಲೆ ಟ್ಯಾಂಕನ್ನು ಡ್ರೇನಿನ ಕಡೆಗೆ ಸ್ವಲ್ಪ ವಾಲಿಸಿ ಕಾಕನ್ನು ನಿಧಾನವಾಗಿ ತಿರುಗಿಸುತ್ತೇನೆ. ಉಳಿದ ಒತ್ತಡವೇ ನೀರನ್ನು ಮೂಲೆಮೂಲೆಯಿಂದ ತಳ್ಳಿ ತರುತ್ತದೆ. ಬಗ್ಗಿ ತಿರುಗಿಸಲು ಸೋಮಾರಿತನ ಆಗುತ್ತಿತ್ತೆಂದು ಕಾಕಿನ ಜಾಗಕ್ಕೆ ಒಂದು ಎಲ್ಬೋ, ಒಂದು ಗೇಣು ಕಬ್ಬಿಣದ ಪೈಪು, ತುದಿಗೆ ಬಾಲ್ ವಾಲ್ವು ಹಾಕಿಸಿದ್ದೇನೆ. ರಾತ್ರಿಯಿಡೀ ಅದು ತೆರೆದೇ ಇರುತ್ತದೆ. ಸೀಳಿದ ಹಳೆಯ ಟ್ಯಾಂಕಿನ ಅಡಿಭಾಗದ ಒಂದು ತುಂಡು ಅದರ ಮೇಲಿನ ಗೋಡೆಗೆ ಮೊಳೆ ಹೊಡೆದು ನಿಂತಿದೆ. ಬೆಳಿಗ್ಗೆ ಸೂರ್ಯ ಬಂದಾಗ ಅದರ ತೂತುಗಳಿಂದ ಬೆಳಕು ತೂರಿ ಬರುತ್ತದೆ. ಮೊದಲು ಅಲ್ಲಿ ಇದ್ದದ್ದು ಒಂದೇ ತೂತು, ಈಗ ಹುಡುಗ ಎಣಿಸಿದಂತೆ ಹದಿಮೂರು.