ಆ ಪದ್ಯದಲ್ಲಿ ದೇವರು ಎಲ್ಲಿ ಬರುತ್ತಾನೆ?

ಆ್ಯನ್ ಬ್ರಾಡ್‌ಸ್ಟ್ರೀಟ್ ಎಂಬ ಹದಿನೇಳನೇ ಶತಮಾನದ ನ್ಯೂ ಇಂಗ್ಲೆಂಡಿನ (ಈಗಿನ ಅಮೆರಿಕದ ಈಶಾನ್ಯ ಭಾಗ) ಕವಯಿತ್ರಿ ತನ್ನ ಮೊಮ್ಮಗಳು ಎಲಿಜಬೆತ್‌ಗಾಗಿ ಬರೆದ ಶೋಕಗೀತೆಯನ್ನು ನಾನು ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. 1665ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಆ ಮಗುವಿಗೆ ಒಂದೂವರೆ ವರ್ಷ. ಪದ್ಯ ಬರೀ ಹದಿನಾಲ್ಕು ಸಾಲು, ಏಳೇಳು ಸಾಲಿನ ಎರಡು ಚರಣ. ಆ ಸಾವನ್ನು ಅಜ್ಜಿ ಹೇಗೆ ತಗೊಂಡಳು ಅನ್ನುವುದಕ್ಕೆ ಗೈಡುಗಳಲ್ಲಿ ಎರಡೇ ಉತ್ತರ: ಅಜ್ಜಿ ದೇವರ ಇಚ್ಛೆಗೆ ತಲೆಬಾಗಿದಳು, ಇಲ್ಲವೇ ಒಳಗೊಳಗೇ ದೇವರ ಮೇಲೆ ಸಿಟ್ಟಾದಳು. ಎರಡೂ ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಶುರುವಿಗೇ ಒಂದು ಕೆಲಸ ಕೊಡುತ್ತೇನೆ: ಪೆನ್ಸಿಲ್ ತಗೊಳ್ಳಿ, ದೇವರು ಬರುವ ಜಾಗಕ್ಕೆಲ್ಲ ಗೆರೆ ಎಳೆಯಿರಿ.

ಆಕೆ ಪ್ಯೂರಿಟನ್, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಥದವಳು. ಪ್ಯೂರಿಟನ್ ಪದ್ಯ ಅಂದಮೇಲೆ ದೇವರು ಮೊದಲೇ ಸಿಗಬೇಕು ಅಲ್ವಾ? ಸಿಗುವುದಿಲ್ಲ. ಮೂರು ಸಾಲು ಬರೀ ವಿದಾಯ. ಮಗುವನ್ನು ದೇವರಿಗಿಂತ ಜಾಸ್ತಿ ಹಚ್ಚಿಕೊಳ್ಳಬಾರದು ಅನ್ನುವ ಅಂಜಿಕೆ ಪ್ಯೂರಿಟನ್ನರಿಗಿತ್ತು. ಮೊದಲ ಸಾಲಿನಲ್ಲೇ ಆಕೆ ತಾನು ಅತಿಯಾಗಿ ಹಚ್ಚಿಕೊಂಡಿದ್ದೆ ಅಂತ ಒಪ್ಪಿಬಿಡುತ್ತಾಳೆ. ಮಗು ಸ್ವಲ್ಪ ದಿನಕ್ಕೆ ಎರವಲು ಬಂದ ಹೂವು, ಈಗ ಇಲ್ಲ. ಎರವಲು ಕೊಟ್ಟದ್ದು ಯಾರು, ವಾಪಸ್ ತಗೊಂಡದ್ದು ಯಾರು ಅನ್ನುವುದನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ನೀನು ಶಾಶ್ವತ ನೆಲೆ ಸೇರಿದ ಮೇಲೆ ನಾನು ಯಾಕೆ ಅಳಲಿ ಅಂತ ಆಕೆ ಕೇಳುವ ಜಾಗದಲ್ಲಿ ನಾನು ಓದು ನಿಲ್ಲಿಸಿ ಇನ್ನೊಂದು ಪುಸ್ತಕದ ವಿಷಯ ಹೇಳುತ್ತೇನೆ. ಮೂರು ವರ್ಷ ಮೊದಲು, 1662ರಲ್ಲಿ, ಮೈಕೆಲ್ ವಿಗಲ್ಸ್‌ವರ್ತ್ ಎಂಬ ಪಾದ್ರಿಯ ‘ದ ಡೇ ಆಫ್ ಡೂಮ್’ ಪದ್ಯ ಬಂದಿತ್ತು. ನ್ಯೂ ಇಂಗ್ಲೆಂಡಿನಲ್ಲಿ ಜನ ಮುಗಿಬಿದ್ದು ಓದಿದ ಪುಸ್ತಕ ಅದು. ದೇವರು ಆರಿಸಿಕೊಳ್ಳದ ಹಸುಗೂಸುಗಳಿಗೂ ಅದರಲ್ಲಿ ನರಕವೇ ಗತಿ. ನರಕದಲ್ಲೇ ಕಷ್ಟ ಕಡಿಮೆ ಇರುವ ಕೋಣೆ ಕೊಡುತ್ತೇನೆ ಅನ್ನುವುದಷ್ಟೇ ಅವಕ್ಕೆ ಸಿಗುವ ಕರುಣೆ. ಇಂಥ ಮಾತು ಓಡಾಡುತ್ತಿದ್ದ ಊರಲ್ಲಿ ಅಜ್ಜಿಯೊಬ್ಬಳು ಸತ್ತ ಕೂಸನ್ನು ‘ಧನ್ಯಳೇ’ ಅಂತ ಕರೆದದ್ದು ಸಣ್ಣ ಧೈರ್ಯ ಅಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಎರಡನೇ ಚರಣವನ್ನು ಆದಷ್ಟು ನಿಧಾನ ಓದಿಸುತ್ತೇನೆ. ಬೆಳೆದು ಮುಗಿದ ಮರ ಕೊಳೆಯುತ್ತದೆ. ಪೂರ್ತಿ ಹಣ್ಣಾದ ಪ್ಲಮ್ಮು, ಸೇಬು ಉದುರುತ್ತವೆ. ಕಾಳಿನ ಬೆಳೆ, ಹುಲ್ಲು ಕಾಲಕ್ಕೆ ಸರಿಯಾಗಿ ಕೊಯ್ಲಾಗುತ್ತವೆ. ಗಟ್ಟಿಯಾಗಿ ಎತ್ತರಕ್ಕೆ ನಿಂತದ್ದನ್ನೂ ಕಾಲ ಕೆಡವುತ್ತದೆ. ಈ ನಾಲ್ಕು ಸಾಲಲ್ಲಿ ತಕರಾರಿಲ್ಲ, ಎಲ್ಲ ನ್ಯಾಯವಾಗಿಯೇ ಇದೆ. ಐದನೇ ಸಾಲು ‘ಆದರೆ’ ಅಂತ ಶುರುವಾಗುತ್ತದೆ. ಈಗಷ್ಟೇ ನೆಟ್ಟ ಸಸಿ ಬೇರುಸಮೇತ ಕಿತ್ತು ಹೋಗುವುದು, ಈಗಷ್ಟೇ ಅರಳಿದ ಮೊಗ್ಗು ಉದುರುವುದು ಪ್ರಕೃತಿಯ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಅವನ ಕೈ ಒಂದರದೇ ಕೆಲಸ. ಮಕ್ಕಳ ಪೆನ್ಸಿಲ್ ಇಲ್ಲಿ, ಹದಿನಾಲ್ಕನೇ ಸಾಲಲ್ಲಿ, ಮೊದಲ ಸಲ ಗೆರೆ ಎಳೆಯುತ್ತದೆ.

‘ಮೇಡಂ, ಇದು ದೂರು ಹೇಳಿದ ಹಾಗಿಲ್ವಾ?’ ಅಂತ ಒಬ್ಬಳು ಕೇಳಿದ್ದಳು. ಹೌದು, ದೂರಿನ ದನಿ ಇದೆ. ಆಕೆ ಆ ಸಾವನ್ನು ಕಾಯಿಲೆಯ ಮೇಲೆ ಹಾಕಲಿಲ್ಲ, ಕಾಲದ ಮೇಲೂ ಹಾಕಲಿಲ್ಲ. ಒಬ್ಬನ ಮೇಲೇ ಹಾಕಿದಳು. ಅವನನ್ನು ನಂಬದೇ ಇದ್ದಿದ್ದರೆ ಆ ಸಾಲು ಬರೆಯಲು ಆಗುತ್ತಲೇ ಇರಲಿಲ್ಲ ಅಂತ ಅವಳಿಗೆ ಹೇಳಿದೆ.

1669ರಲ್ಲಿ ಇನ್ನೂ ಇಬ್ಬರು ಮೊಮ್ಮಕ್ಕಳು ಹೋದರು. ಒಂದು ತಿಂಗಳು ಒಂದು ದಿನದ ಸೈಮನ್‌ಗೆ ಬರೆದ ಪದ್ಯದಲ್ಲಿ ದೇವರು ತಡಮಾಡುವುದಿಲ್ಲ, ನಾಲ್ಕನೇ ಸಾಲಿಗೇ ಬರುತ್ತಾನೆ. ಮೂರು ಹೂಗಳನ್ನು ಅವನೇ ಕಿತ್ತ, ಆದರೂ ಅವನು ಒಳ್ಳೆಯವನು. ಯಾಕೆ ಅಂತ ವಾದ ಬೇಡ, ಅವನು ಕರುಣಾಳು ಎಂದು ಹೇಳೋಣ. ಈ ಸಾಲುಗಳನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ಕೆಲವರು ಪೂರ್ತಿ ನಂಬಿದವರಂತೆ ಓದುತ್ತಾರೆ. ಕೆಲವರು ‘ಹೇಳೋಣ’ ಬಂದಾಗ ತಡವರಿಸುತ್ತಾರೆ. ನಾನು ಇಬ್ಬರನ್ನೂ ತಿದ್ದುವುದಿಲ್ಲ.