ಡಿಸೆಂಬರ್ 2ರ ರಾತ್ರಿ, ಊಟದ ನಂತರದ ಹದಿನೈದು ನಿಮಿಷ

ಭೋಪಾಲ್ ಅನಿಲ ದುರಂತವನ್ನು ಮನೆಯಲ್ಲಿ ನೆನೆಯಲು ಪ್ರತ್ಯೇಕ ಕಾರ್ಯಕ್ರಮ ಬೇಡ. ಮರುದಿನ ಶಾಲೆ, ಕೆಲಸ ಇದ್ದೇ ಇರುತ್ತದೆ. ಡಿಸೆಂಬರ್ 2ರ ರಾತ್ರಿ ಊಟ ಮುಗಿದ ಮೇಲೆ ಟಿವಿ, ಮೊಬೈಲ್ ಆರಿಸಿ, ದೀಪ ಹಚ್ಚಿ, ಎರಡು ನಿಮಿಷ ಮೌನವಾಗಿ ಕೂತುಕೊಳ್ಳಿ. ಪುಟ್ಟ ಮಕ್ಕಳಿಗೆ ಅರ್ಧ ನಿಮಿಷವೇ ಹೆಚ್ಚು, ಗದರಬೇಡಿ.

ಆಮೇಲೆ ನಡೆದದ್ದನ್ನು ನೇರವಾಗಿ ಹೇಳಿ. 1984ರ ಡಿಸೆಂಬರ್ 2-3ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಹೊರಬಿತ್ತು. ಸಾವಿರಾರು ಜನ ಸತ್ತರು, ಐದು ಲಕ್ಷಕ್ಕೂ ಹೆಚ್ಚು ಜನರಿಗೆ ವಿಷ ತಗುಲಿತು. ಆ ಅನಿಲ ಗಾಳಿಗಿಂತ ಭಾರ. ನೆಲದ ಹತ್ತಿರವೇ ಹರಡಿದ್ದರಿಂದ ಮಕ್ಕಳು ಹೆಚ್ಚು ನರಳಿದರು. ಶವಗಳ ಫೋಟೊ ಮಾತ್ರ ತೋರಿಸಲೇಬೇಡಿ. ಮಕ್ಕಳಲ್ಲಿ ಭಯ ಉಳಿಯುತ್ತದೆ, ವಿಷಯ ಉಳಿಯುವುದಿಲ್ಲ. ನಕ್ಷೆಯಲ್ಲಿ ಭೋಪಾಲ್ ತೋರಿಸುವುದು ಎಷ್ಟೋ ಮೇಲು.

ಹನ್ನೆರಡು ದಾಟಿದ ಮಕ್ಕಳಿದ್ದರೆ ಅಡುಗೆಮನೆಗೂ ಕರೆದೊಯ್ಯಿರಿ. ಎಲ್‌ಪಿಜಿಯೂ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು, ಏಕೆಂದರೆ ಎರಡರಲ್ಲೂ ಕಿಡಿ ಹಾರಬಹುದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದ ಮೇಲೆ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಬ್ಲೀಚ್ ಮತ್ತು ಶೌಚಾಲಯದ ಆಸಿಡ್ ಒಂದೇ ಕಡೆ ಇದ್ದರೆ ಅಂದೇ ಬೇರೆ ಮಾಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.